ಜಂಪರ್

ಮಾನ್ವಿ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಗೆ ಅಂಟಿಕೊಂಡ
ಏಳಡಿ ಅಗಲದ ನನ್ನ ರಿಪೇರಿ ಕೋಣೆಗೆ
ಹಳೆ ಹಾರ್ಡ್‌ಡಿಸ್ಕುಗಳು ಬಂದು ಬೀಳುತ್ತವೆ.
ಭತ್ತದ ಮಿಲ್ಲಿನವು, ಸೊಸೈಟಿಯವು,
ಫೋಟೊ ಸ್ಟುಡಿಯೋದ್ದೊಂದು,
ಅದರೊಳಗೆ ಹನ್ನೊಂದು ವರ್ಷದ ಮದುವೆಗಳು.

ಇವತ್ತು ಬಂದದ್ದು ಇಟ್ಟಿಗೆಯಷ್ಟು ಭಾರ.
ಬೆನ್ನ ಮೇಲೊಂದು ಬಿಳಿ ಚೀಟಿ,
ಚೀಟಿಯಲ್ಲಿ ಎಂಟು ಕಡ್ಡಿಗಳ ಚಿತ್ರ.
ಮೊದಲ ಜೋಡಿಗೆ ಟೋಪಿ ಹಾಕಿದರೆ ಮಾಸ್ಟರ್,
ತೆಗೆದರೆ ಸ್ಲೇವ್.
ಟೋಪಿಯ ಹೆಸರು ಜಂಪರ್.
ಜೋಳದ ಕಾಳಿಗಿಂತ ತುಸು ದೊಡ್ಡದು,
ಬಿದ್ದರೆ ಮೊಣಕಾಲೂರಿ ಹುಡುಕಬೇಕು.

ರಾಯಚೂರು ಐಟಿಐನಲ್ಲಿ ಮಸ್ತಾನ್ ಸರ್ ಹೇಳಿದ್ದು:
"ಒಂದು ಪಟ್ಟಿ ವೈರಿಗೆ ಎರಡು ಡಿಸ್ಕು, ನೆನಪಿಡ್ರಿ.
ಎರಡೂ ಧಣಿ ಆದ್ವಂದ್ರ ಎರಡೂ ಏಳಂಗಿಲ್ಲ.
ಎರಡೂ ಆಳಾದ್ರ ಯಾವುದೂ ಕಾಣಂಗಿಲ್ಲ."
ಕ್ಲಾಸು ನಕ್ಕಿತು.
ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ,
ಸ್ಲೇವ್: ಜೀತದಾಳು.
ಪೆನ್ನು ಅಲ್ಲೇ ನಿಂತು, ಶಾಯಿ ಗುಂಡಗೆ ಹರಡಿತು.

ನಮ್ಮ ತಾತ ದುರುಗಪ್ಪ.
ಎರಡು ಚೀಲ ಜೋಳ, ನಲವತ್ತು ರೂಪಾಯಿ,
ಅಷ್ಟಕ್ಕೆ ಹದಿನೇಳು ವರ್ಷ.
ಧಣಿಯ ಕಣದಲ್ಲಿ ಸೇರು ಹಿಡಿದು ಅಳೆಯುತ್ತಿದ್ದ.
ಒಂದು ಅನ್ನಬಾರದು, ಲಾಭ ಅನ್ನಬೇಕು:
ಲಾಭ, ಎರಡು, ಮೂರು...
ಯಾರ ಲಾಭ ಅಂತ ಕೇಳುವ ಕಮಾಂಡು
ಅವನೊಳಗೆ ಹಾಕಿರಲಿಲ್ಲ.
ಡಿಸ್ಕು ಸೊನ್ನೆಯಿಂದ ಎಣಿಸುತ್ತದೆ.
ಸೊನ್ನೆಯನ್ನು ಸೊನ್ನೆ ಅಂತಲೇ ಕರೆಯುತ್ತದೆ.

ಲೆಕ್ಕವೆಲ್ಲ ಕೆಂಪು ಬಟ್ಟೆಯ ಖಾತೆ ಪುಸ್ತಕದಲ್ಲಿತ್ತು,
ತಾತನ ಎಡಗೈ ಹೆಬ್ಬೆಟ್ಟು, ಪುಟಕ್ಕೊಂದು.
ಬ್ಯಾಕಪ್ಪಿಗೆ ಅಪ್ಪನದೂ ಒಂದು.
ಅಪ್ಪನಿಗಾಗ ಒಂಬತ್ತು ವರ್ಷ.

ಕಾಯ್ದೆ ಬಂತು. ಜೀತ ಡಿಲೀಟಾಯಿತು.
ಡಿಲೀಟ್ ಅಂದರೇನೆಂದು ನನ್ನ ಕಸುಬಿನವರಿಗೆ ಗೊತ್ತು:
ಅದು ಅಳಿಸುವುದಿಲ್ಲ, ವಿಳಾಸವನ್ನಷ್ಟೇ ಹರಿದು ಹಾಕುತ್ತದೆ.
ಸರಕು ಅದೇ ಸೆಕ್ಟರಿನಲ್ಲಿ ಮಲಗಿರುತ್ತದೆ,
ಮೇಲೆ ಬೇರೇನಾದರೂ ಬರೆಯುವ ತನಕ.
ಅಪ್ಪನನ್ನು ಆಮೇಲೆ ವರ್ಷದಾಳು ಅಂದರು.

ಚೀಟಿಯಲ್ಲಿ ಮೂರನೆಯದೂ ಒಂದಿದೆ: ಕೇಬಲ್ ಸೆಲೆಕ್ಟ್.
ಜಂಪರನ್ನು ಆ ಜೋಡಿಗೆ ಹಾಕಿದರೆ
ನೀನು ಯಾರೆಂದು ವೈರೇ ತೀರ್ಮಾನಿಸುತ್ತದೆ.
ತುದಿಗೆ ಸಿಕ್ಕಿದವ ಮಾಸ್ಟರ್, ನಡುವಿನವ ಸ್ಲೇವ್.
ಒಳಗಿನ ತಟ್ಟೆ ಒಂದೇ, ಮುಳ್ಳು ಒಂದೇ, ಕಂಪನಿ ಒಂದೇ.
ಇದನ್ನು ಕಂಡುಹಿಡಿದವನು
ಯಾವಾಗಲಾದರೂ ನಮ್ಮೂರಿಗೆ ಬಂದಿದ್ದನೇ?

ಆಮೇಲೆ ಸಾಟಾ ಬಂತು.
ಬೆರಳಗಲದ ಕೆಂಪು ವೈರು, ಡಿಸ್ಕಿಗೊಂದು.
ಯಾರೂ ಯಾರ ಹಿಂದೂ ಇಲ್ಲ.
ಮೊದಲ ಸಲ ಸಿಕ್ಕಿಸುವಾಗ
ಜಂಪರಿಗಾಗಿ ಅದರ ಬೆನ್ನೆಲ್ಲಾ ತಡಕಾಡಿದೆ. ಇರಲಿಲ್ಲ.
ಅವತ್ತು ಅಂಗಡಿ ಬೇಗ ಮುಚ್ಚಿ
ಬಿಸಿ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಹೋದೆ.
ಏನು ವಿಶೇಷ ಅಂದಳು ದೇವಮ್ಮ.
ಹೇಳಲು ಬರಲಿಲ್ಲ.

ಈಗಿನ ಪುಸ್ತಕಗಳಲ್ಲಿ ಆ ಮಾತೇ ತೆಗೆದಿದ್ದಾರಂತೆ,
ಪ್ರೈಮರಿ, ರೆಪ್ಲಿಕಾ ಅಂತಾರೆ.
ಒಳ್ಳೆಯದಾಯಿತು.
ಪ್ರೈಮರಿ ಹೇಳಿದ್ದನ್ನು
ರೆಪ್ಲಿಕಾ ಬರೆದುಕೊಳ್ಳುತ್ತಲೇ ಇರುತ್ತದೆ.

ಸಂಜೆ ಇಟ್ಟಿಗೆ ಡಿಸ್ಕಿನವರು ಫೋನು ಮಾಡಿದರು:
"ಒಳಗ ನಮ್ಮಪ್ಪಾರ ಲೆಕ್ಕ ಅದ, ಬರ್ತದೇನು ನೋಡಪಾ."
ಯಾವೂರು ಗೌಡ್ರೇ ಅಂದೆ. ಹೇಳಿದರು.
ನಮ್ಮ ತಾತನ ಧಣಿಯ ಊರು ಅದಲ್ಲ.
ಬರ್ತದ, ತಗೀತೀನಿ ಅಂದೆ.

ಇಂಥವಕ್ಕೆಂದೇ ಒಂದು ಮುದಿ ಪಿಸಿ ಉಳಿಸಿಕೊಂಡಿದ್ದೇನೆ.
ನನ್ನ ಡಿಸ್ಕು ಅದರಲ್ಲಿ ಮಾಸ್ಟರ್.
ಇವರದನ್ನು ಸ್ಲೇವ್ ಮಾಡಿದರೇ ಓದಲು ಬರುವುದು.
ತಾತಾ, ಇದರಲ್ಲಿ ನನ್ನ ಸೇಡೇನೂ ಇಲ್ಲ,
ಚೀಟಿಯಲ್ಲಿ ಹಾಗೇ ಬರೆದಿದ್ದಾರೆ.

ಆದರೂ ಇಕ್ಕಳದಲ್ಲಿ ಟೋಪಿ ಕೀಳುವಾಗ
ಕೈ ಯಾಕೋ ತುಸು ನಡುಗಿ
ಜಂಪರ್ ಜಾರಿ, ಎಲ್ಲೋ ಟಿಣ್ ಅಂತು.

ಮೊಬೈಲಿನ ಬೆಳಕು ಹಿಡಿದು
ಮೊಣಕಾಲೂರಿ ಹುಡುಕುತ್ತಿದ್ದೇನೆ.