ಯಾವ ಹಲಗೆ?

ಬಲೆ ಒಣಗುವ ತಿಂಗಳು. ಕೋಡಿಬಾಗದ ದಂಡೆಯಲ್ಲಿ
ಬೋಟುಗಳೆಲ್ಲ ಮೇಲೆ ಬಂದು ಮಗ್ಗುಲಾಗಿ ಮಲಗಿವೆ.
ತಗಡಿನ ಮಾಡಿನ ಕೆಳಗೆ ನಾನು, ಒಂದು ಕಂಪ್ಯೂಟರು,
ಉಪ್ಪುಗಾಳಿಗೆ ಅಂಟಿಕೊಂಡು ಮೇಲೇಳದ ಒಂದೆರಡು ಗುಂಡಿ.

ಉಲ್ಲಾಸ ತಾಂಡೇಲರ ‘ಸಾತೇರಿ’ಗೆ ನಲವತ್ತೊಂದು ಹಲಗೆ.
ಎಲ್ಲವನ್ನೂ ಅಳೆದು ಗೆರೆಯಾಗಿಸಿದ್ದೇನೆ.
ಕೊಳೆತದ್ದು ಯಾವುದೆಂದು ಬಲ್ಲವರು ಮಾತ್ರ ವಾಮನ ಮೇಸ್ತರು:
ಬೆಳಿಗ್ಗೆಯೇ ಬೆರಳ ಗೆಣ್ಣಿನಿಂದ ಒಂದೊಂದನ್ನೂ ಬಡಿದು
ಕಿವಿಯಿಟ್ಟು ಕೇಳಿ ಬಂದಿದ್ದಾರೆ.

ಮೌಸು ಕೈಗಿಟ್ಟೆ. ಕೆಳಗೆ ಇಂಗ್ಲಿಷಿನಲ್ಲೊಂದು ಸಾಲು.
“ಎಂತ ಹೇಳ್ತದೆ ಅದು?”
‘ವಸ್ತುಗಳನ್ನು ಆರಿಸಿ’ ಅಂತ.
“ವಸ್ತುವಾ? ಹಲಗೆಗೆ ಹಲಗೆ ಅನ್ನಲಿಕ್ಕೆ ಏನು ರೋಗ?”

ಸಂಜೆ ಕೂತೆ.
ಅದು ತನ್ನ ಮಾತು ಸುಲಭಕ್ಕೆ ಬಿಡುವ ಪೈಕಿಯಲ್ಲ;
ನಾನು ಬರೆದುಕೊಟ್ಟ ಪ್ರಶ್ನೆಯ ಬೆನ್ನಿಗೇ
ತನ್ನ ಹಳೆಯ ಪಾಠವನ್ನೂ ಒಪ್ಪಿಸುತ್ತದೆ.
ಬಾಯಿ ಮುಚ್ಚಿಸಲು ಒಂದು ಗುಟ್ಟಿನ ಅಂಕೆ ಇದೆ:
ಒಂದು ಎಂದರೆ ಮೌನ, ಸೊನ್ನೆ ಎಂದರೆ ಮಾತು.
ಒಂದು ಮಾಡಿ, ನನ್ನದನ್ನು ನುಡಿಸಿ,
ಮತ್ತೆ ಸೊನ್ನೆಗೆ ತಿರುಗಿಸಬೇಕು.
ಮರೆತೆ.
ಮರುದಿನ ಮಧ್ಯಾಹ್ನದವರೆಗೆ
ಏನು ಕೇಳಿದರೂ ತುಟಿಪಿಟಕ್ಕೆನ್ನಲಿಲ್ಲ,
ಊಟದ ಎಲೆಯೆದುರು ಮುನಿಸಿಕೊಂಡ ನೆಂಟನ ಹಾಗೆ.

ಕನ್ನಡದಲ್ಲೇ ಕೇಳಲಿ ಎಂದು ‘ಯಾವ ಹಲಗೆ’ ಎಂದು ಬರೆದರೆ
ತೆರೆಯ ಮೇಲೆ ಬಂದದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳು, ಸಾಲಾಗಿ ಎಂಟು.
ಮೇಸ್ತರು ನಕ್ಕರು. “ಸರಿಯಾಗೇ ಉಂಟಲ್ಲ ಮಾರಾಯ್ತಿ,
ಕೇಳೋದು ಅಂದ್ರೆ ಇಷ್ಟೇ ಅಲ್ವ?”
ಕೊನೆಗೆ ಇಂಗ್ಲಿಷ್ ಅಕ್ಷರದ ಅಂಗಿ ತೊಡಿಸಿದೆ ಕನ್ನಡಕ್ಕೆ.

ಆಮೇಲೆ ಕಂಸಗಳು. ತೆರೆದಷ್ಟೂ ಮುಚ್ಚಬೇಕು,
ಒಂದು ಉಳಿದರೂ ಪ್ರೋಗ್ರಾಮು ಏಳುವುದಿಲ್ಲ.
ರಾತ್ರಿ ಹನ್ನೊಂದಕ್ಕೆ ಬೆರಳಿಟ್ಟು ಎಣಿಸಿದೆ;
ತಪ್ಪಿದ್ದು ಎಂಟನೆಯದರಲ್ಲೇ. ಇನ್ನೆಲ್ಲಿ?

“ರಾಶಿ ಹಾಕಿ ಕೇಳಬೇಡ, ಒಂದೊಂದೇ ಕೇಳಲಿ” ಎಂದರು.
ಅಳಿಸಿ ಮತ್ತೆ ಬರೆದೆ.
ಒಂದೊಂದೇ ಕೇಳುವಾಗ ಇನ್ನೊಂದು ಗೊತ್ತಾಯಿತು:
ಆರಿಸದೇ ಇರುವುದರಲ್ಲೂ ಎರಡು ಬಗೆ.
ಗುರಿ ತಪ್ಪಿ ಖಾಲಿ ಜಾಗ ಒತ್ತಿದರೆ, ಏಳು.
ಏನೂ ಬೇಡವೆಂದು ಸುಮ್ಮನೆ ಎಂಟರ್ ಒತ್ತಿದರೆ, ಐವತ್ತೆರಡು.
ಒಳಗೊಳಗೇ ಬರೆದಿಟ್ಟುಕೊಳ್ಳುತ್ತದೆ,
ನಾವು ವಿಚಾರಿಸಿದರೆ ಮಾತ್ರ ಹೇಳುತ್ತದೆ.
ಐವತ್ತೆರಡಕ್ಕೆ ‘ಸಾಕು’ ಎಂದು ಬರೆದು ಮುಗಿಸಿದೆ.
ಏಳಕ್ಕೆ ಮೊದಲು ‘ತಪ್ಪು’ ಎಂದು ಬರೆದೆ.
ಉಳಿ ಹಿಡಿದು ನಲವತ್ತು ವರ್ಷವಾದ ಕೈ
ಮೌಸಿನ ಮೇಲೆ ನಡುಗುವುದನ್ನು ನೋಡಿ
ಅಳಿಸಿ, ‘ಇನ್ನೊಮ್ಮೆ’ ಎಂದು ಮಾಡಿದೆ.

ಇವತ್ತು ಬೆಳಿಗ್ಗೆ
ಯಾವ ಹಲಗೆ? ಮೂರು.
ಯಾವ ಹಲಗೆ? ಇನ್ನೊಮ್ಮೆ.
ಯಾವ ಹಲಗೆ? ಒಂಬತ್ತು, ಅದರ ಪಕ್ಕದ್ದು ಬೇಡ.
ಒತ್ತಿದ ಗೆರೆ ಚುಕ್ಕಿಚುಕ್ಕಿಯಾಗುತ್ತದೆ, ಗೆದ್ದಲು ಹಿಡಿದಂತೆ.
ಉದ್ದ ತಾನೇ ಕೂಡಿಕೊಳ್ಳುತ್ತಿದೆ, ತಾಂಡೇಲರು
ಬಾಗಿಲಲ್ಲಿ ನಿಂತು ಮರದ ರೇಟು ಲೆಕ್ಕ ಹಾಕುತ್ತಿದ್ದಾರೆ.

ಇಪ್ಪತ್ತೇಳರ ಹತ್ತಿರ ಪುಟ್ಟ ಚೌಕ ನಿಂತಿತು.
ಮೇಸ್ತರು ಗೆಣ್ಣು ಮಡಚಿ
ತೆರೆಯನ್ನೇ ಎರಡು ಸಲ ಬಡಿದರು,
ಕಿವಿ ಹತ್ತಿರ ತಂದರು,
ತಮಗೇ ನಗು ಬಂದು, ಕೊಡೆಯೂ ಇಲ್ಲದೆ ಹೊರಗೆ ಹೋದರು.

ತಗಡಿನ ಮೇಲೆ ಮಳೆ. ಅದರ ನಡುವೆ
ಟಕ್. ಟಕ್.
ನಲವತ್ತೊಂದನ್ನೂ ಬಿಡಿಸಿದವಳು ನಾನೇ;
ಕಿವಿಗೊಟ್ಟರೆ ಎಲ್ಲ ಒಂದೇ ಸದ್ದು.

“ಒತ್ತು, ಒತ್ತು, ಹೊತ್ತಾಯ್ತು,” ತಾಂಡೇಲರ ದನಿ.
ಯಾವ ಹಲಗೆ?
ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ.
ಹೊರಗೆ ಮತ್ತೊಮ್ಮೆ, ಈಗ ಇನ್ನೂ ಕೆಳಗೆ, ಟಕ್.