ಏಳು ಪಾಯಿಂಟ್ ನಾಲ್ಕು

ಲೈನಿನಲ್ಲಿ ಕಾಲರ್ ಕೂರಿಸುತ್ತಿದ್ದವಳು
ಮೆಷಿನ್ ಮೇಲೇ ಹಣೆಯೂರಿದಳಂತೆ.
ಮಾಚೇನಹಳ್ಳಿಯಿಂದ ಫೋನು.
ನಾನಾಗ ಪೆಟ್ರೋಲ್ ಬಂಕಿನ ರಾತ್ರಿಪಾಳಿ ಮುಗಿಸಿ ಬಂದು
ನಿದ್ದೆ ಬಾರದೆ ಮಗ್ಗುಲು ಬದಲಿಸುತ್ತಿದ್ದೆ.

ಚೀಟಿಯಲ್ಲಿ ಏಳು ಪಾಯಿಂಟ್ ನಾಲ್ಕು.
"ಹನ್ನೆರಡಿರಬೇಕು" ಎಂದರು ಡಾಕ್ಟರು,
ರೇಷನ್ ಅಕ್ಕಿಯ ತೂಕ ಕಮ್ಮಿ ಬಂತು ಎನ್ನುವ ಹಾಗೆ.
ಸುಗುಣ ಕೇಳಿದ್ದು ಒಂದೇ,
"ಅರ್ಧ ದಿನದ ಸಂಬಳ ಹಿಡೀತಾರಾ?"

ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಹೊಟ್ಟೆಯಲ್ಲಿ ನಿಲ್ಲಲಿಲ್ಲ.
ಮೆಡಿಕಲ್ಸಿನ ಹುಡುಗ ಗಾಜಿನ ಡಬ್ಬಿ ಮುಂದಿಟ್ಟ,
ಹಸಿರು ಪುಡಿ, ಸೂಪರ್‌ಫುಡ್ ಸಾರ್, ಮೊರಿಂಗ,
ನಾನೂರ ಎಂಬತ್ತು.
ಲೇಬಲ್ಲಿನ ಚಿತ್ರ ನೋಡಿದೆ.
ಎಲ್ಲೋ ನೋಡಿದ ಎಲೆ.
ಬಂಕಿನಲ್ಲಿ ಗಾಳಿ ಹಿಡಿಯುವ ಮೆಷಿನ್ನಿನ ಹಿಂದೆ
ಕಂಬಳಿಹುಳು ಆಗುತ್ತೆಂದು ಮಾಲೀಕರು
ಪ್ರತಿ ವರ್ಷ ಕಡಿಸುವ,
ಪ್ರತಿ ವರ್ಷ ಮಾನವಿಲ್ಲದೆ ಚಿಗುರುವ
ನುಗ್ಗೆ.

ಪಾಳಿ ಬಿಡುವಾಗ ಟೋಪಿಯ ತುಂಬ ಸೊಪ್ಪು.
ಬಿಡಿಸುವಾಗ ಅವಸರ ಮಾಡಿದರೆ ಕಡ್ಡಿಯೇ ಬಾಯಿಗೆ ಸಿಗುತ್ತದೆ.
ಮೊದಲ ದಿನದ ಪಲ್ಯ ಕಹಿ.
ಮರುದಿನ ಉಪ್ಪು.
ಮೂರನೇ ದಿನ ಮಾರ್ಕೆಟ್ಟಿನ ಗುತ್ಯಮ್ಮ,
ಗೋಣಿತಾಟಿನ ಮೇಲೆ ಒಂದೆಲಗ ಹರಡಿಕೊಂಡು ಕೂತವಳು,
ನನ್ನ ಮುಖ ನೋಡಿಯೇ ಕೇಳಿದಳು:
"ಮುಚ್ಚಳ ಮುಚ್ಚಿ ಬೇಯಿಸ್ತೀಯ ಅಲ್ವಾ?
ತೆಗಿ ಮಾರಾಯ. ಸೊಪ್ಪೂ ಉಸಿರು ಬಿಡಬೇಕು."
ಒಂದು ಕಟ್ಟು ಹೊನಗೊನೆ ಕೊಸರು ಹಾಕಿದಳು,
ನನ್ನ ದಡ್ಡತನಕ್ಕೆ.

ಕಲಿತೆ.
ಹುರುಳಿ ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಬೇಕು,
ಮೊಳಕೆ ಬಂದ ಸುದ್ದಿಯನ್ನು ಅದೇ ಕೋಣೆಗೆಲ್ಲ ಸಾರುತ್ತದೆ.
ಎಳ್ಳು ಚಟಪಟ ಎಂದೊಡನೆ ಇಳಿಸಬೇಕು,
ಇನ್ನೊಂದು ಗಳಿಗೆ ತಡೆದರೆ ಇದ್ದಿಲು.
ಒಂದೆಲಗಕ್ಕೆ ಜೀರಿಗೆ, ಕಾಳುಮೆಣಸು, ಒಂದು ಹಿಡಿ ಕಾಯಿ,
ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ; ಕುದಿಸಿದರೆ ಕೆಟ್ಟಿತು.
ರಾಗಿಯಂಬಲಿ ಗಂಟು ಕಟ್ಟಿದರೆ ಯಾರನ್ನೂ ಬೈಯದೆ ಕಡಗೋಲು ಹಾಕಬೇಕು.
ನಿಂಬೆಹುಳಿ ಮರೆಯಬಾರದು,
ಕಬ್ಬಿಣ ಮೈಗೆ ಇಳಿಯುವಾಗ ಹುಳಿಯ ಕೈ ಹಿಡಿಯುತ್ತದಂತೆ.

ಎಲ್ಲಕ್ಕಿಂತ ಕಷ್ಟ, ಊಟದ ಹಿಂದೆಯೇ ಬರುವ ಚಹಾ ಬಿಡಿಸುವುದು.
"ಬೇಕಾದರೆ ರಕ್ತ ತಗೊಳ್ಳಿ, ಟೀ ಕೇಳಬೇಡಿ" ಎಂದಳು.
ಕೊನೆಗೆ ಒಂದು ಗಂಟೆಗೆ ಒಪ್ಪಿದಳು,
ಸಾಲ ತೀರಿಸದವನನ್ನು ನೋಡುವಂತೆ
ಗೋಡೆ ಗಡಿಯಾರ ನೋಡುತ್ತ.

ಒಂದೂವರೆ ತಿಂಗಳು.
ಮತ್ತೆ ಸೂಜಿ, ಮತ್ತೆ ಚೀಟಿ.
ಏಳು ಪಾಯಿಂಟ್ ಒಂಬತ್ತು.

ಬಾಣಲೆ ಎತ್ತಿ ಕುಕ್ಕಿದೆ.
ಇಷ್ಟು ಸೊಪ್ಪು ಹಸುವಿಗೆ ಹಾಕಿದ್ದರೆ
ಎರಡು ಲೀಟರ್ ಹೆಚ್ಚಿಗೆ ಕರೆಯುತ್ತಿತ್ತು ಎಂದೆ.
ಅವಳು ಡಬ್ಬಿ ತೊಳೆಯುತ್ತಿದ್ದಳು.
ನಲ್ಲಿಯ ಸದ್ದಿನೊಳಗೇ ಹೇಳಿದಳು:
ನನ್ನ ಮೆಷಿನ್ನಿನ ಎಡಕ್ಕೆ ನಗೀನಾ, ಅವಳದು ಆರು ಪಾಯಿಂಟ್ ಎಂಟು,
ಡಬ್ಬಿಯಲ್ಲಿ ಬರೀ ಅನ್ನ, ಉಪ್ಪಿನಕಾಯಿ.
ಬಲಕ್ಕೆ ಭದ್ರಾವತಿಯ ಮಂಜಕ್ಕ, ಪರೀಕ್ಷೆಗೇ ಹೋಗಿಲ್ಲ,
ಹೋದರೆ ನಂಬರು ಗೊತ್ತಾಗಿಬಿಡುತ್ತೆ ಅಂತ.
ಅರ್ಧ ಗಂಟೆ ಊಟ. ಮುಚ್ಚಳ ತೆಗೆದರೆ
ನಿಮ್ಮ ಒಗ್ಗರಣೆ ವಾಸನೆ ಇಡೀ ಲೈನಿಗೆ.
ಒಬ್ಬಳೇ ಹೇಗೆ ತಿನ್ನಲಿ?

ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯಿತು.
ಆ ರಾತ್ರಿ ಡ್ಯೂಟಿಗೆ ಹೊರಡುವ ಮುಂಚೆ
ಹುರುಳಿ ಡಬ್ಬಕ್ಕೆ ಕೈ ಹಾಕಿದೆ,
ಒಂದು ಮುಷ್ಟಿ ಸಿಟ್ಟಿನಿಂದ,
ಇನ್ನೊಂದು ತಿಂಗಳ ಖರ್ಚು ಲೆಕ್ಕ ಹಾಕುತ್ತ,
ಮೂರನೆಯದು ಯಾಕೋ.

ನುಗ್ಗೆ ಈಗ ಬೋಳಾಗುತ್ತ ಬಂದಿದೆ.
ಕಡಿಸುವ ಕೂಲಿ ಉಳಿಯಿತೆಂದು ಮಾಲೀಕರು ಖುಷಿ.
ಸುಗುಣಳಿಗೆ ಮುಂದಿನ ಸೂಜಿ ಹದಿನಾರಕ್ಕೆ.
ನಿನ್ನೆ ನಗೀನಾ ಕಳಿಸಿದ ಡಬ್ಬಿ ತೆರೆದರೆ
ಒಳಗೆ ನಾಲ್ಕು ಖರ್ಜೂರ,
ಬಟ್ಟೆಯ ಲೇಬಲ್ಲಿನ ಹಿಂದೆ ಪೆನ್ಸಿಲ್ಲಿನಲ್ಲಿ ಒಂದು ಸಾಲು:
"ಅಣ್ಣಾ, ಉಪ್ಪು ಸ್ವಲ್ಪ ಕಮ್ಮಿ."