ಆಚೆ ಬದಿಯ ಮರಿ

ಹದಿನಾರು ತುಂಬಿ ಒಂಬತ್ತು ದಿನ. ಸ್ಟೇನ್‌ವೋರ್
ಸೀಟು ಮುಂದೆಳೆದು ಕೂತಳು, ಕನ್ನಡಿ ತಿರುಗಿಸಿದಳು,
ಅದರಲ್ಲಿ ಮೊದಲು ತನ್ನ ಹುಬ್ಬನ್ನೇ ನೋಡಿಕೊಂಡು.

ಪಕ್ಕದಲ್ಲಿ ನಾನು, ಸೋದರತ್ತೆ, ಹಾಲಿನ ಟ್ಯಾಂಕರ್ ಓಡಿಸುವವಳು.
ನನ್ನ ಕಡೆ ಬ್ರೇಕಿಲ್ಲ; ಆದರೂ
ಬಲಗಾಲು ಸುಮ್ಮನಿರದು, ನೆಲವನ್ನೇ ತುಳಿಯುತ್ತದೆ.

ಐಸ್‌ಲ್ಯಾಂಡಿನ ಈ ತೆಂಕಣ ದಾರಿ
ನೇರವಾಗಿರುವುದೇ ಅದರ ಮೋಸ.
ಡಾಂಬರು ಮುಗಿದು ಜಲ್ಲಿ ಶುರುವಾದಲ್ಲಿ
ಚಕ್ರದ ದನಿ ಬದಲಾಗುತ್ತದೆ, ಕೇಳು.
ಕೇಳಿಸಿತೆ? ಅದೇ ಪಾಠ. ಉಳಿದದ್ದು ಪುಸ್ತಕದಲ್ಲಿದೆ.

ಒಂದೇ ಗಾಡಿ ಹಿಡಿಯುವ ಸೇತುವೆ. ಎದುರಿಗೆ ಯಾರದೋ ಪಿಕಪ್ಪು.
"ನಾನೇ ಮೊದಲು ಬಂದದ್ದು," ಎಂದಳು.
ಇರಬಹುದು. ಹೊಳೆಗೆ ಅದು ಗೊತ್ತಿಲ್ಲ.
ನಿಂತಳು. ಆತ ದಾಟಿ ಬಂದು ಎರಡು ಬೆರಳೆತ್ತಿದ;
ಇವಳ ಕಿವಿ ಕೆಂಪಗಾಯಿತು.

ಆಮೇಲೆ, ಎಡಕ್ಕೊಂದು ತಾಯಿಕುರಿ, ಮೇಯುತ್ತ.
ನಾನು ಬಾಯಿ ತೆರೆಯುವ ಮೊದಲೇ ವೇಗ ಇಳಿಯಿತು.
ತೊಡೆಯ ಕೆಳಗೆ ಫೋನು ಗುಂಯ್‌ಗುಟ್ಟಿತು, ಮತ್ತೂ ಗುಂಯ್‌ಗುಟ್ಟಿತು;
ಅವಳ ಕಣ್ಣು ಬಲಬದಿಯ ಹುಲ್ಲಿನಲ್ಲಿ
ಇನ್ನೊಂದನ್ನು ಹುಡುಕುತ್ತಿತ್ತು.

ಇತ್ತು. ಬೂದುಮರಿ, ಮೊಣಕಾಲೆತ್ತರ,
ಅಮ್ಮನನ್ನು ಕಂಡದ್ದೇ ತಡ ರಸ್ತೆಗೆ ಹಾರಿತು.

ನಾವು ಆಗಲೇ ನಿಂತಿದ್ದೆವು.
ನನ್ನ ಕಾಲು ಮಾತ್ರ ಇನ್ನೂ
ನೆಲವನ್ನು ಒತ್ತುತ್ತಲೇ ಇತ್ತು.